ನೀರಿಗೆ ಎಂಟು ಗಂಟೆ

ಸಭೆ ಹನ್ನೊಂದಕ್ಕೆ ಎಂದಿದ್ದರು. ಹನ್ನೊಂದೂಕಾಲಾದರೂ ಬಟ್ಟೆ ಮಿಲ್ಲಿನ ಸಿಬ್ಬಂದಿ ಅಧಿಕಾರಿಯ ಪತ್ತೆಯಿರಲಿಲ್ಲ. ಆತ ಬರುವವರೆಗೆ ಬಿಸ್ಕತ್ತಿನ ತಟ್ಟೆಯ ಮೇಲೆ ಮುಚ್ಚಿದ ಕಾಗದವನ್ನು ಯಾರೂ ತೆಗೆಯಕೂಡದೆಂದು ಕುಲಸಚಿವರು ಜವಾನನಿಗೆ ಎರಡು ಸಲ ತಾಕೀತು ಮಾಡಿದ್ದರು. ಅದನ್ನು ಕೇಳಿಯೇ ಜವಳಿ ವಿಭಾಗದ ಮೇಷ್ಟ್ರಿಗೆ ಮೈ ಉರಿದಿತ್ತು. ಇಪ್ಪತ್ತಾರು ವರ್ಷ ಇದೇ ಕಟ್ಟಡದಲ್ಲಿ ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಕಲಿಸಿದವನು, ಪಠ್ಯಕ್ರಮ ಸಮಿತಿಯ ಅಧ್ಯಕ್ಷ, ಒಂದು ಬಿಸ್ಕತ್ತಿಗೆ ಮಿಲ್ಲಿನವನ ದಾರಿ ಕಾಯಬೇಕು. ಬಿಸ್ಕತ್ತು ಅವನಿಗೆ ಬೇಕಾಗಿರಲಿಲ್ಲ, ಅದು ಬೇರೆ ಮಾತು. ಎದುರಿಗೆ ಕೂತ ರಸಾಯನಶಾಸ್ತ್ರದ ಮುಖ್ಯಸ್ಥೆ ಹೊಸ ಪಠ್ಯಕ್ರಮದ ಕರಡಿನ ಪುಟಗಳನ್ನು ಹೆಬ್ಬೆರಳಿನಿಂದ ಚರಚರ ಸರಿಸುತ್ತಿದ್ದುದು, ಫ್ಯಾನಿನ ಒಂದು ರೆಕ್ಕೆ ತೂಕ ತಪ್ಪಿ ಕಿರುಗುಟ್ಟುತ್ತಿದ್ದುದು, ಗೋಡೆಗೆ ಅಂಟಿಸಿದ್ದ ಬ್ಯಾನರಿನಲ್ಲಿ ‘ಉದ್ಯೋಗಕ್ಕಾಗಿ ಶಿಕ್ಷಣ, ಕೈಗಾರಿಕೆಗಾಗಿ ಪದವಿ’ ಎಂಬ ಅಕ್ಷರಗಳು ನಗುತ್ತಿರುವಂತೆ ಕಂಡದ್ದು, ಎಲ್ಲದರ ಮೇಲೂ ಸಿಟ್ಟು. ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡ ಫೋನು ಮತ್ತೆ ನಡುಗಿತು. ತಂಗಿಯ ಮಗಳು, ಮನೆಯಲ್ಲೆಲ್ಲ ಗುಬ್ಬಿ ಎಂದೇ ಕರೆಯುವವಳು, ಬೆಳಗಿನಿಂದ ಮೂರನೇ ಸಲ ಅದನ್ನೇ ಬರೆದಿದ್ದಳು: ‘ಮಾವ, ನಾಲ್ಕು ಗಂಟೆಗೆ ವಿಚಾರಣೆ. ಪತ್ರ ಬರೆದಿರಾ?’

ಬರೆದಿರಲಿಲ್ಲ. ನಿನ್ನೆ ಸಂಜೆ ಅವಳು ಮನೆಗೆ ಬಂದಾಗ ಬಾಗಿಲಲ್ಲೇ ನಿಂತು ಚಪ್ಪಲಿ ಬಿಡದೆ ಮಾತಾಡಿದ್ದಳು, ಒಳಗೆ ಬಂದರೆ ಅತ್ತುಬಿಡುತ್ತೇನೆ ಎನ್ನುವ ಹಾಗೆ. ಇದೇ ಮಿಲ್ಲಿನ ಬಣ್ಣದ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕು ಹನ್ನೊಂದು ತಿಂಗಳು. ಇನ್ನೊಂದು ತಿಂಗಳು ಕಳೆದಿದ್ದರೆ ಕಾಯಂ ಆಗುತ್ತಿತ್ತು. ಕಳೆದ ವಾರ ನದಿಯ ಕಡೆಯಿಂದ ಬರುವ ಪೈಪು ರಿಪೇರಿಗೆಂದು ನಿಂತು, ಮಿಲ್ಲಿನವರು ಕೊಳವೆಬಾವಿಯ ನೀರು ಬಿಟ್ಟಿದ್ದರು. ಗಡಸು ನೀರು, ಬಣ್ಣವನ್ನು ಒಂದೇ ಸಮ ಹಿಡಿಯಗೊಡದ ಲವಣದ ನೀರು. ಅವಳಿಗೆ ಯಾರೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಯಂತ್ರದ ಮುಂದಿನ ಪ್ಯಾನೆಲ್‌ನಲ್ಲಿ ಬಿಸಿ ಸರಿ, ಉಪ್ಪು ಸರಿ, ಸೋಡಾ ಸರಿ, ಎಲ್ಲಾ ಹಸಿರು ದೀಪ. ಹೊರಗೆ ಬಂದದ್ದು ಮಾತ್ರ ತೊನ್ನು ಹಿಡಿದಂಥ ತಿಳಿನೀಲಿ ಬಟ್ಟೆ, ಆರು ಸಾವಿರ ಮೀಟರು, ಹೊರದೇಶಕ್ಕೆ ಹೋಗಬೇಕಾಗಿದ್ದದ್ದು. ‘ನಿರ್ಲಕ್ಷ್ಯ ಅಂತ ಚಾರ್ಜ್ ಹಾಕಿದ್ದಾರೆ ಮಾವ. ಪದವಿ ಓದಿದವಳಿಗೆ ಗೊತ್ತಿರಲೇಬೇಕು, ಗೊತ್ತಿದ್ದೂ ಮಾಡಿಲ್ಲ ಅಂತ. ಹಾಗಂತ ಬರೆದು ಕಳಿಸಿದ್ರೆ ಇನ್ಯಾವ ಮಿಲ್ಲಿನವರೂ ನನ್ನ ಒಳಗೆ ಬಿಟ್ಕೊಳ್ಳಲ್ಲ. ನಮಗೆ ಅದನ್ನ ಕಲಿಸೇ ಇಲ್ಲ ಅಂತ ಕಾಲೇಜಿಂದ ಒಂದು ಪತ್ರ ಕೊಡಿ, ಸಾಕು.’ ಅವನು ‘ನೋಡೋಣ’ ಎಂದಿದ್ದ. ‘ಕಲಿಸಿಲ್ಲ ತಾನೇ?’ ಎಂದು ಅವಳು ಕೇಳಿದ್ದಳು. ‘ನೋಟ್ಸನ್ನೆಲ್ಲ ಮಗುಚಿ ಹಾಕಿದೆ, ನೀರು ಅನ್ನೋ ಮಾತೇ ಇಲ್ಲ, ನಾನು ಆ ದಿನ ಕ್ಲಾಸಿಗೆ ಬಂದಿರಲಿಲ್ಲವೋ ಏನೋ ಅಂತ ಭಯವಾಯ್ತು,’ ಎಂದಿದ್ದಳು. ಅವನು ಮತ್ತೆ ‘ನೋಡೋಣ’ ಎಂದಿದ್ದ. ಬೆಳಗ್ಗೆ ತಂಗಿ ಫೋನು ಮಾಡಿ, ‘ಅಣ್ಣಾ, ನೀನಿದ್ದೀಯಲ್ಲ, ಇನ್ನು ನನಗೆ ಯೋಚನೆ ಇಲ್ಲ’ ಎಂದಳು. ಆ ನಂಬಿಕೆ ಅವನಿಗೆ ಬೈಗುಳಕ್ಕಿಂತ ಕಡೆಯಾಗಿ ಕೇಳಿಸಿತು.

ಪಠ್ಯಕ್ರಮವೆಂದರೆ ಕೊನೆಗೂ ಗಂಟೆಗಳ ಹಂಚಿಕೆ. ಯಾವ ವಿಷಯಕ್ಕೆ ಎಷ್ಟು ಗಂಟೆ, ಯಾವುದನ್ನು ಎಲ್ಲಿಂದ ಕತ್ತರಿಸಿ ಎಲ್ಲಿಗೆ ಸೇರಿಸಿದರೆ ವರ್ಷ ತೂಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಆ ಕಾರಣಕ್ಕೇ ವಿಭಾಗದಲ್ಲಿ ಅವನಿಗೆ ಗಂಟೆ ಮೇಷ್ಟ್ರು ಎಂಬ ಹೆಸರು. ಏಳು ವರ್ಷದ ಹಿಂದೆ ಪಠ್ಯಕ್ರಮದ ಸುಧಾರಣೆಗೆ ಕೈಹಾಕಿದಾಗ ಅವನು ಯಾರ ಒತ್ತಾಯಕ್ಕೂ ಬಗ್ಗಿರಲಿಲ್ಲ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮೂವತ್ತು ವರ್ಷ ಹಳೆಯ ನೋಟ್ಸನ್ನು ಓದಿ ಚಿನ್ನದ ಪದಕ ಪಡೆದ ಹುಡುಗನೊಬ್ಬ ಮಿಲ್ಲಿನಲ್ಲಿ ಆವಿಯ ವಾಲ್ವು ತಿರುಗಿಸಲು ಹೆದರಿ ಮೂರೇ ದಿನಕ್ಕೆ ಮನೆಗೆ ಬಂದಿದ್ದ. ಪದವಿ ಕಾಗದ ಹಿಡಿದು ವಿಭಾಗದ ಬಾಗಿಲಿಗೆ ಬಂದು, ‘ಸರ್, ಯಾವ ಕೆಲಸ ಆದ್ರೂ ಸರಿ’ ಎನ್ನುವ ಮುಖಗಳನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಮಿಲ್ಲಿನ ಹೊಸ ಯಂತ್ರದ ಮೇಲೆ ವಾರಕ್ಕೆ ಎರಡು ದಿನ ಎಂದು ಹಟ ಹಿಡಿದು ಸೇರಿಸಿದ. ಅದಕ್ಕೆ ಜಾಗ ಬೇಕಲ್ಲ, ಎಲ್ಲೆಲ್ಲಿ ಕೊಬ್ಬಿದೆ ಎಂದು ಕತ್ತರಿಸುತ್ತ ಹೋದ. ‘ನೀರು: ಗಡಸುತನ, ಪರೀಕ್ಷೆ, ಪರಿಹಾರ. ಎಂಟು ಗಂಟೆ’ ಎಂಬ ಸಾಲಿನ ಮೇಲೆ ಕೆಂಪು ಗೆರೆ ಎಳೆದ. ಅದು ಹೇಗಿದ್ದರೂ ಎರಡನೇ ವರ್ಷದ ರಸಾಯನಶಾಸ್ತ್ರದಲ್ಲಿ ಬರುತ್ತದೆ, ಎರಡೆರಡು ಸಲ ಯಾಕೆ ಎಂದುಕೊಂಡಿದ್ದ. ಅದೇ ಬೇಸಿಗೆಯಲ್ಲಿ, ಮೂರು ಕೋಣೆ ಆಚೆ, ರಸಾಯನಶಾಸ್ತ್ರದವರು ತಮ್ಮ ಪಟ್ಟಿಯಲ್ಲಿದ್ದ ನೀರಿನ ಮೇಲೂ ಗೆರೆ ಎಳೆದಿದ್ದರು, ಅದು ಹೇಗಿದ್ದರೂ ಜವಳಿ ವಿಭಾಗದಲ್ಲಿ ಬರುತ್ತದೆ ಎಂದು. ಹೋಗಿ ಕೇಳಲು ಮೂವತ್ತು ಹೆಜ್ಜೆ. ಯಾರೂ ಹೋಗಲಿಲ್ಲ. ಹಾಗೆ ನೀರು ಇಡೀ ವಿಶ್ವವಿದ್ಯಾಲಯದಿಂದಲೇ ಆವಿಯಾಯಿತು. ಪ್ರಶ್ನೆಪತ್ರಿಕೆ ಪಠ್ಯಕ್ರಮದ ಒಳಗಿಂದಲೇ ಬರುವುದರಿಂದ ಯಾರೂ ನೀರಿನ ಬಗ್ಗೆ ಕೇಳಲಿಲ್ಲ, ಯಾರೂ ತಪ್ಪು ಬರೆಯಲಿಲ್ಲ, ಎಲ್ಲರೂ ಪಾಸು. ಹಿಂದೆಲ್ಲ ಪ್ರಯೋಗಶಾಲೆಯ ಮುದುಕ ಸಹಾಯಕ ಬಾಟಲಿಯಲ್ಲಿ ನೀರಿಗೆ ಸಾಬೂನು ಹಾಕಿ ಕುಲುಕಿ, ನೊರೆ ಬಾರದಿದ್ದರೆ ‘ಇದು ಹಟಮಾರಿ ನೀರು, ಇದಕ್ಕೆ ಬುದ್ಧಿ ಹೇಳ್ಬೇಕು’ ಎಂದು ಹುಡುಗರನ್ನು ನಗಿಸುತ್ತಿದ್ದ. ಆತ ನಿವೃತ್ತನಾದ ಮೇಲೆ ಆ ಬಾಟಲಿಗಳನ್ನು ಯಾರೋ ಹೂವಿನ ಗಿಡ ನೆಡಲು ತೆಗೆದುಕೊಂಡು ಹೋದರು.

ಗೊತ್ತೇ ಆಗಲಿಲ್ಲ ಎನ್ನುವಂತಿದ್ದರೆ ಎಷ್ಟು ಚೆನ್ನಾಗಿತ್ತು. ಎರಡು ವರ್ಷದ ಹಿಂದೆ, ಅಂತಿಮ ವರ್ಷದ ಪ್ರಶ್ನೆಪತ್ರಿಕೆ ಪರಿಶೀಲಿಸುತ್ತಿದ್ದಾಗ ಹೊರಗಿನ ಪರೀಕ್ಷಕನೊಬ್ಬ ನೀರಿನ ಮೇಲೊಂದು ಪ್ರಶ್ನೆ ಹಾಕಿದ್ದ. ಇದು ಪಠ್ಯಕ್ರಮದಲ್ಲಿಲ್ಲ ಎಂದು ಹೊಡೆದುಹಾಕುವ ಮೊದಲು, ಇಲ್ಲಿಲ್ಲದೆ ಇನ್ನೆಲ್ಲಿದೆ ಎಂದು ರಸಾಯನಶಾಸ್ತ್ರದ ಪುಸ್ತಿಕೆ ತೆರೆದು ನೋಡಿದ. ಅಲ್ಲಿಯೂ ಇರಲಿಲ್ಲ. ಅವನು ಎರಡೂ ಪುಸ್ತಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಇನ್ನೊಂದು ಸಲ ಹುಡುಕಿದ. ಆ ವಾರವೇ ಬೇರೆ ಬೇರೆ ಊರುಗಳ ಕುಲಪತಿಗಳು ಈ ಸುಧಾರಣೆಯನ್ನು ನೋಡಲು ಬರುವವರಿದ್ದರು; ನೂರಕ್ಕೆ ತೊಂಬತ್ತೊಂದು ಜನರಿಗೆ ಕೆಲಸ ಎಂದು ವರದಿಯಾಗಿತ್ತು; ಅವನು ಮಾತಾಡಬೇಕಿತ್ತು, ಕೋಟು ಇಸ್ತ್ರಿಗೆ ಹೋಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ಸದ್ದಿಲ್ಲದೆ ಸೇರಿಸಿಬಿಡೋಣ ಎಂದು ನಿರ್ಧರಿಸಿ ಪ್ರಶ್ನೆಯನ್ನು ಹೊಡೆದುಹಾಕಿದ. ಭಾಷಣಕ್ಕೆ ಚಪ್ಪಾಳೆ ಬಿತ್ತು. ಆ ಪರಿಷ್ಕರಣೆ ಬಂದದ್ದು ಇವತ್ತು.

ಹನ್ನೊಂದೂವರೆಗೆ ಅಧಿಕಾರಿ ಬಂದ. ಮೂವತ್ತೈದು ದಾಟಿರದ, ಸೆಂಟು ಪೂಸಿಕೊಂಡ, ಕೈಕುಲುಕುವಾಗ ಎದುರಿನವರ ಮುಖ ಬಿಟ್ಟು ಗಡಿಯಾರ ನೋಡುವ ಮನುಷ್ಯ. ಬಿಸ್ಕತ್ತಿನ ಕಾಗದ ಎದ್ದಿತು. ‘ನಾಲ್ಕಕ್ಕೆ ನನಗೊಂದು ವಿಚಾರಣೆ ಇದೆ, ಸ್ವಲ್ಪ ಬೇಗ ಮುಗಿಸೋಣ ಸರ್,’ ಎಂದ. ಯಾವ ವಿಚಾರಣೆ ಎಂದು ಅವನಿಗೆ ಕೇಳುವ ಅಗತ್ಯವಿರಲಿಲ್ಲ. ಹೊಸ ಕರಡಿನ ಪ್ರಕಾರ ಕೊನೆಯ ಇಡೀ ವರ್ಷ ಮಿಲ್ಲಿನಲ್ಲೇ. ಮೂರು ಸಿದ್ಧಾಂತದ ಪತ್ರಿಕೆಗಳನ್ನು ಅರೆದು ಒಂದು ಮಾಡುವುದು. ಕೈಗಾರಿಕೆ ಬೆಳೆಯಬೇಕಾದರೆ ಕೈಗೆ ಬಂದ ಕೂಡಲೇ ದುಡಿಯುವ ಪದವೀಧರ ಬೇಕು ಎಂದ ಅಧಿಕಾರಿ. ಕುಲಸಚಿವರು ಪ್ರತಿ ಮಾತಿಗೂ ತಲೆದೂಗಿದರು. ತೂಗಿ ತೂಗಿ ಕುತ್ತಿಗೆ ಬಿದ್ದುಹೋಗುತ್ತದೆ ಈ ಮನುಷ್ಯನದು ಎಂದು ಅವನು ಒಳಗೇ ಹಲ್ಲು ಕಡಿದ. ಅವನು ಕರಡಿನ ಇಪ್ಪತ್ತಮೂರನೇ ಪುಟದಲ್ಲಿ ನೀರನ್ನು ಸಣ್ಣದಾಗಿ ತುರುಕಿದ್ದ, ಎರಡು ಗಂಟೆ, ಯಾರ ಕಣ್ಣಿಗೂ ಬೀಳದ ಹಾಗೆ. ಅಧಿಕಾರಿಯ ಪೆನ್ನು ನೆಟ್ಟಗೆ ಅಲ್ಲಿಗೇ ಬಂದು ನಿಂತಿತು. ‘ಇಂಥವೆಲ್ಲ ಯಾಕೆ ಸರ್? ಇದನ್ನ ಓದಿ ಓದಿ ಬಂದವರೇ ನಮ್ಮಲ್ಲಿ ಏನು ಮಾಡ್ತಿದ್ದಾರೆ ಗೊತ್ತಾ? ಹೋದ ವಾರ ನಿಮ್ಮದೇ ಒಬ್ಬ ಹುಡುಗಿ ಆರು ಸಾವಿರ ಮೀಟರ್ ಹಾಳು ಮಾಡಿದ್ಲು. ನೀರು ನೋಡ್ಕೊಂಡ್ಯೇನಮ್ಮ ಅಂತ ಸೂಪರ್‌ವೈಸರ್ ಕೇಳಿದ್ರೆ, ನೀರು ನೀರೇ ಅಲ್ವಾ ಸರ್, ಅಂತಾಳೆ. ಈಗ ನಮ್ಮ ಕ್ಯಾಂಟೀನಲ್ಲಿ ಕುಡಿಯೋ ನೀರು ಕೇಳಿದ್ರೂ ಹುಡುಗರು ಅದನ್ನೇ ಹೇಳ್ತಾರೆ.’ ಮೇಜಿನ ಸುತ್ತ ಎಲ್ಲರೂ ನಕ್ಕರು. ಕುಲಸಚಿವರಿಗೆ ಕೆಮ್ಮು ಬರುವಷ್ಟು ನಗು. ಅವನ ತುಟಿಯೂ ಅಗಲವಾಯಿತು. ಅಭ್ಯಾಸಬಲ, ದೊಡ್ಡವರು ನಕ್ಕಾಗ ನಗುವ ಇಪ್ಪತ್ತಾರು ವರ್ಷದ ಅಭ್ಯಾಸ. ತಾನು ನಗುತ್ತಿದ್ದೇನೆಂದು ತಿಳಿದದ್ದು ಎದುರಿನ ಕಪಾಟಿನ ಗಾಜಿನಲ್ಲಿ ತನ್ನ ಹಲ್ಲು ಕಂಡಾಗ. ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತ ಹುಡುಗಿಯ ಮುಖ, ಅವಳ ಹಿಂದೆ ತಂಗಿಯ ದನಿ, ಮತ್ತು ಈ ಹಲ್ಲು. ಥೂ, ಎಂದುಕೊಂಡ. ಯಾರನ್ನು ಉಗಿದದ್ದೆಂದು ಅವನಿಗೆ ಸಂಶಯವಿರಲಿಲ್ಲ.

‘ಆ ಹುಡುಗಿ ಹೇಳಿದ್ದು ಸರಿಯಾಗೇ ಇದೆ,’ ಎಂದ. ದನಿ ಅವನಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. ‘ನಾವು ಅವಳಿಗೆ ಕಲಿಸಿದ್ದೇ ಅದು. ಓದಿ ಓದಿ ಬಂದವಳು ಅಂದ್ರಲ್ಲ, ಓದೋಕೆ ಏನೂ ಇರ್ಲಿಲ್ಲ. ನೀರಿನ ಪಾಠ ನಾನು ತೆಗೆದು ಹಾಕ್ದೆ. ನಿಮ್ಮ ಯಂತ್ರಕ್ಕೆ ಜಾಗ ಮಾಡೋಕೆ.’ ಕುಲಸಚಿವರು ಬಾಯಿಗೊಯ್ಯುತ್ತಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. ರಸಾಯನಶಾಸ್ತ್ರದ ಮುಖ್ಯಸ್ಥೆ ಪುಟ ಸರಿಸುವುದನ್ನು ನಿಲ್ಲಿಸಿ, ‘ನೀವು ತೆಗೆದ್ರಾ? ನಿಮ್ಮಲ್ಲಿದೆ ಅಂತಾನೇ ಅಲ್ವಾ ನಾವು ತೆಗೆದಿದ್ದು?’ ಎಂದರು. ಹೇಳಿ ಮುಗಿಸಿದ ಮೇಲೆ ಅವರಿಗೆ ತಾವು ಹೇಳಿದ್ದು ಅರ್ಥವಾಯಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ‘ಐದು ವರ್ಷ,’ ಎಂದು ಅವನು ಮುಂದುವರಿಸಿದ, ಈಗ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ, ‘ಹೊಸ ಪಠ್ಯದ ಮೊದಲ ತಂಡ ಹೊರಗೆ ಹೋದಾಗಿಂದ, ಐದು ವರ್ಷದಿಂದ ಬಣ್ಣ ಹಾಕೋ ಪದವಿ ಕೊಡ್ತಿದ್ದೀವಿ, ನೀರು ಅಂದ್ರೇನು ಅಂತ ಹೇಳದೆ. ಈಗ ಉಳಿದಿದ್ದನ್ನೂ ಕತ್ತರಿಸಿ ಅಂತೀರಿ. ನಿಮ್ಮ ಪ್ಯಾನೆಲ್ ದೀಪ ಹಸಿರಿದ್ರೆ ಸಾಕಲ್ಲ ನಿಮಗೆ. ದೀಪ ನೋಡೋಕೆ ಪದವಿ ಯಾಕೆ ಬೇಕು, ಕಣ್ಣಿದ್ರೆ ಸಾಲದಾ?’ ಅಧಿಕಾರಿಗೆ ಸಿಟ್ಟು ಬರಲಿಲ್ಲ. ಅದೇ ಅವನನ್ನು ಇನ್ನಷ್ಟು ಉರಿಸಿತು. ಆತ ಬಿಸ್ಕತ್ತಿನ ಪುಡಿಯನ್ನು ಅಂಗೈಯಿಂದ ಒರೆಸಿಕೊಂಡು, ‘ಅದನ್ನ ಬರೆದು ಕೊಡ್ತೀರಾ ಸರ್?’ ಎಂದು ಮೆತ್ತಗೆ ಕೇಳಿದ. ‘ಇದು ಟಿಪ್ಪಣಿಗೆ ಬೇಡ,’ ಎಂದು ಕುಲಸಚಿವರು ಬರೆದುಕೊಳ್ಳುತ್ತಿದ್ದ ಗುಮಾಸ್ತೆಯ ಕೈ ಹಿಡಿದರು.

ಊಟದ ವಿರಾಮವೆಂದು ಹೇಳಿ ಕುಲಸಚಿವರು ಅವನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದರು. ಬೈಯುತ್ತಾರೆ ಎಂದುಕೊಂಡಿದ್ದ, ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಹೆಗಲ ಮೇಲೆ ಕೈಯಿಟ್ಟರು. ‘ಅವಳು ನಿಮ್ಮ ತಂಗಿ ಮಗಳಂತೆ, ಈಗ ಗೊತ್ತಾಯ್ತು. ಹೊಟ್ಟೆ ಉರಿಯೋದು ಸಹಜ. ಆದ್ರೆ ಒಂದು ಸಲ ಯೋಚ್ನೆ ಮಾಡಿ. ಆ ಐದು ವರ್ಷದಲ್ಲಿ ನಾನೂರು ಮಕ್ಕಳು ಹೊರಗೆ ಹೋಗಿದ್ದಾರೆ. ಎಲ್ಲಾದ್ರೂ ಕೆಲಸ ಮಾಡ್ತಿದ್ದಾರೆ, ಹೇಗೋ ಕಲ್ತುಕೊಂಡಿದ್ದಾರೆ. ನೀವು ಒಂದು ಪತ್ರ ಕೊಟ್ರೆ ನಾನೂರು ಪದವಿ ಮೇಲೂ ಅನುಮಾನ. ಒಬ್ಳಿಗೋಸ್ಕರ ಎಲ್ಲರ ಅನ್ನಕ್ಕೆ ಕಲ್ಲು ಹಾಕ್ತೀರಾ?’ ಅವನಿಗೆ ಅವರ ಕೈಯನ್ನು ಹೆಗಲಿನಿಂದ ಕಿತ್ತು ಹಾಕಬೇಕೆನ್ನಿಸಿತು. ಕಳ್ಳ ಮಾತಿನಲ್ಲೂ ಇಷ್ಟು ನ್ಯಾಯ ಹೇಗೆ ಇರುತ್ತದೆ. ಮೆಟ್ಟಿಲ ಕೆಳಗೆ ಅಂತಿಮ ವರ್ಷದ ಹುಡುಗ ಹುಡುಗಿಯರು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅವನನ್ನು ಕಂಡು ಇಬ್ಬರು ಎದ್ದು ನಿಂತರು, ಒಬ್ಬಳ ಬಾಯಲ್ಲಿ ತುತ್ತು ಹಾಗೇ ಇತ್ತು. ಇವರಿಗೂ ಗೊತ್ತಿಲ್ಲ. ನಾಳೆ ಇವರನ್ನೂ ಯಾರಾದರೂ ಕೇಳುತ್ತಾರೆ, ಇವರೂ ಅದನ್ನೇ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ‘ಕೂತ್ಕೊಳಿ, ಊಟ ಮಾಡಿ,’ ಎಂದು ಗದರಿಸಿ ಅವನು ತನ್ನ ಕೋಣೆಗೆ ನಡೆದ.

ವಿಭಾಗದ ಹೆಸರಿರುವ ಕಾಗದ ತೆಗೆದು ಬರೆಯಲು ಕೂತಾಗ ಎರಡೂವರೆ. ಮೊದಲ ಪ್ರತಿಯಲ್ಲಿ ‘ಸಮಿತಿಯ ತೀರ್ಮಾನದಂತೆ’ ಎಂದು ಬರೆದ. ಬರೆದದ್ದನ್ನು ನೋಡಿ ಅಸಹ್ಯವಾಯಿತು. ಸಮಿತಿಯಂತೆ, ಯಾವ ಸಮಿತಿ, ಕೆಂಪು ಪೆನ್ನು ಹಿಡಿದದ್ದು ಸಮಿತಿಯ ಕೈಯೇ? ಹರಿದು ಬುಟ್ಟಿಗೆ ಹಾಕಿದ. ಎರಡನೆಯದರಲ್ಲಿ ‘ನಾನು’ ಎಂದು ಬರೆದ. ಇಂಥ ವರ್ಷ ಇಂಥ ವಿಷಯವನ್ನು ನಾನು ತೆಗೆದುಹಾಕಿದೆ; ಬೇರೆ ವಿಭಾಗದಲ್ಲಿದೆಯೆಂದು ಭಾವಿಸಿದೆ, ವಿಚಾರಿಸಲಿಲ್ಲ; ಈ ವಿದ್ಯಾರ್ಥಿನಿಗೆ ಅದನ್ನು ಯಾರೂ ಕಲಿಸಿಲ್ಲ; ಗೊತ್ತಿದ್ದೂ ಮಾಡಲಿಲ್ಲ ಎಂಬ ಆರೋಪ ಅವಳಿಗೆ ಸಲ್ಲದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಿಟ್ಟಿನ ಕೈ, ಒಮ್ಮೆ ನಿಜ ಹೇಳತೊಡಗಿದರೆ ಅದಕ್ಕೂ ಒಂದು ರುಚಿ ಹತ್ತುತ್ತದೆ. ‘ಎರಡು ವರ್ಷದ ಹಿಂದೆ, ಅಂತಿಮ ವರ್ಷದ ಪರೀಕ್ಷೆಗೆ ಮೂರು ತಿಂಗಳು ಮುಂಚೆ, ಈ ಲೋಪ ನನ್ನ ಗಮನಕ್ಕೆ ಬಂದಿತ್ತು. ನಾನು ಅದನ್ನು ಯಾರಿಗೂ ತಿಳಿಸಲಿಲ್ಲ,’ ಎಂದೂ ಸೇರಿಸಿದ. ಸಹಿ ಹಾಕಿ ಮೊಹರು ಒತ್ತಿದಾಗ ಎದೆ ಹಗುರಾಯಿತು. ಯಾರೂ ಬರೆಯದ್ದನ್ನು ತಾನು ಬರೆದೆ, ಕೆಲಸ ಹೋದರೆ ಹೋಗಲಿ, ಎಂದುಕೊಂಡು ಕಾರಿಡಾರಿನಲ್ಲಿ ತಲೆಯೆತ್ತಿ ನಡೆದ. ನಾನೂರು ಜನರ ನೆನಪು ಒಮ್ಮೆ ಬಂದು ಹೋಯಿತು. ಎದುರಿಗೆ ಬಂದ ಮುಖ್ಯಸ್ಥೆ ಏನೋ ಹೇಳಲು ಬಾಯಿ ತೆರೆದರು, ಅವನು ನಿಲ್ಲಲಿಲ್ಲ.

ಮಿಲ್ಲಿನ ಗೇಟಿನಲ್ಲಿ ಹೆಸರು ಬರೆಸಿಕೊಂಡು, ಕೊರಳಿಗೆ ‘ಸಂದರ್ಶಕ’ ಎಂಬ ಚೀಟಿ ನೇತುಹಾಕಿ, ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಗುಬ್ಬಿ ಒಳಗಿನಿಂದ ಓಡಿ ಬಂದು, ಲಕೋಟೆಯನ್ನು ಕಸಿದುಕೊಂಡಂತೆ ತೆಗೆದುಕೊಂಡು, ‘ಬಂದ್ರಲ್ಲ ಮಾವ, ನಂಗೆ ಜೀವವೇ ಇರ್ಲಿಲ್ಲ,’ ಎಂದು ಹಾಗೇ ಓಡಿದಳು. ಕಾಗದವನ್ನು ಬಿಚ್ಚಿಯೂ ನೋಡಲಿಲ್ಲ. ಅವನು ಕೂತ ಜಾಗಕ್ಕೆ ಬಣ್ಣದ ವಿಭಾಗದ ಹಬೆ, ಸೋಡಾದ ವಾಸನೆ ಬರುತ್ತಿತ್ತು; ಗೋಡೆಯಾಚೆ ಯಂತ್ರಗಳ ಗುಂಯ್‌ಗುಟ್ಟುವಿಕೆ. ಕಾವಲಿನವನು ಒಂದು ಲೋಟ ನೀರು ತಂದಿಟ್ಟ. ಅವನಿಗೆ ಬಾಯಾರಿದ್ದರೂ ಕುಡಿಯಲಾಗಲಿಲ್ಲ. ಐದು ಗಂಟೆಗೆ ಪಾಳಿ ಬದಲಾಗುವ ಸೈರನ್ನಿನ ಜೊತೆಗೇ ಅವಳು ಹೊರಬಂದಳು, ಕೈಯಲ್ಲಿ ಎರಡು ಕಾಗದ, ಮಿಲ್ಲಿನ ಆದೇಶ ಮತ್ತು ಅವನ ಪತ್ರದ ನಕಲು. ಅತ್ತಿರಲಿಲ್ಲ. ‘ನಿರ್ಲಕ್ಷ್ಯ ಅನ್ನೋದನ್ನ ಹೊಡೆದು ಹಾಕಿದ್ರು,’ ಎಂದಳು. ಅವನು ಎದ್ದು ನಿಂತ. ‘ಅರ್ಹತೆಯ ಕೊರತೆ ಅಂತ ಬರೆದ್ರು. ಕಾಲೇಜಿನವರೇ ಕಲಿಸಿಲ್ಲ ಅಂತ ಒಪ್ಕೊಂಡಿರೋವಾಗ ನಾವು ಹೇಗೆ ಇಟ್ಕೊಳ್ಳೋದು ಅಂದ್ರು. ನಾಳೆಯಿಂದ ಬರಬೇಡ ಅಂತ. ನಮ್ಮ ಕಾಲೇಜಿನ ಇನ್ನೂ ಹತ್ತು ಜನ ಇದ್ದಾರಲ್ಲ, ಅವರ ಫೈಲೂ ತರಿಸಿದ್ದಾರೆ.’

ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅವನಿಗೆ ಕೂಗಾಡಬೇಕಿತ್ತು; ಆ ಅಧಿಕಾರಿಯ ಸೆಂಟು, ಗಡಿಯಾರ, ಮೆತ್ತಗಿನ ದನಿ, ಎಲ್ಲವನ್ನೂ ಹಿಡಿದು ಜಾಡಿಸಬೇಕಿತ್ತು. ಬರೆದು ಕೊಡಿ ಎಂದನಲ್ಲ, ಬೋಳಿಮಗ, ಆಗಲೇ ಗೊತ್ತಿತ್ತು ಅವನಿಗೆ. ‘ಕೇಸು ಹಾಕೋಣ,’ ಎಂದ. ‘ನಾನು ಬಂದು ಹೇಳ್ತೀನಿ, ಎಲ್ಲಿ ಬೇಕಾದ್ರೂ. ಕುಲಪತಿಗಳ ಹತ್ರ ಹೋಗ್ತೀನಿ. ಇವರನ್ನ ಸುಮ್ನೆ ಬಿಡಲ್ಲ.’ ಅವಳು ನಿಲ್ದಾಣದ ತಗಡಿನ ಕೆಳಗೆ ನಿಂತು ಪತ್ರವನ್ನು ಬಿಡಿಸಿ ಈಗ ಮೊದಲ ಸಲ ಓದಿದಳು, ನಿಧಾನಕ್ಕೆ, ಬೆರಳಿಟ್ಟು. ಕೊನೆಯ ಸಾಲಿನ ಹತ್ತಿರ ಬೆರಳು ನಿಂತಿತು. ಅವನು ರಸ್ತೆಯ ಕಡೆ ನೋಡಿದ.

‘ಎರಡು ವರ್ಷದ ಹಿಂದೆ ಅಂತ ಬರೆದಿದ್ದೀರಿ.’

‘ಹೂಂ.’

‘ಪರೀಕ್ಷೆಗೆ ಮೂರು ತಿಂಗಳು ಮುಂಚೆ.’ ಅವಳು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. ‘ಆಗ ನಾನು ನಿಮ್ಮ ಕ್ಲಾಸಲ್ಲೇ ಕೂತಿದ್ದೆ ಮಾವ. ದಿನಾ ಬೆಳಗ್ಗೆ. ಭಾನುವಾರ ನಿಮ್ಮನೇಲಿ ಊಟ ಮಾಡ್ತಿದ್ದೆ.’

ಅವನ ಬಾಯಿಗೆ ಬಂದದ್ದು ಪಠ್ಯಕ್ರಮ, ಪರಿಷ್ಕರಣೆ, ನಿಯಮ ಎಂಬ ಮಾತುಗಳು. ಬೆಳಗಿನಿಂದ ಯಾರು ಯಾರ ಮೇಲೋ ಹೊತ್ತಿಕೊಂಡು ಉರಿಯುತ್ತಿದ್ದ ಸಿಟ್ಟಿಗೆ ಈಗ ಎಲ್ಲಿ ಹೋಗಿ ಕೂರಬೇಕೆಂದು ತಿಳಿಯಲಿಲ್ಲ. ಅವಳು ಕೋಪಗೊಂಡಿದ್ದರೆ ಅದಕ್ಕೊಂದು ದಾರಿಯಿರುತ್ತಿತ್ತು. ಅವಳು ಪಾಠ ಅರ್ಥವಾಗದ ವಿದ್ಯಾರ್ಥಿನಿಯ ಹಾಗೆ, ಹುಬ್ಬು ಗಂಟಿಕ್ಕಿ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು: ‘ಎಷ್ಟು ಹೊತ್ತು ಬೇಕಿತ್ತು ಅದನ್ನ ಹೇಳಿಕೊಡೋಕೆ?’

‘ಒಂದು ಮಧ್ಯಾಹ್ನ,’ ಎಂದ.

ಅವಳು ತಲೆಯಾಡಿಸಿದಳು. ಪತ್ರವನ್ನು ಮಡಿಸಿ, ಇನ್ನೊಂದು ಕಾಗದದ ಜೊತೆ ಚೀಲಕ್ಕೆ ಹಾಕಿಕೊಂಡಳು. ಬಸ್ಸು ಬಂದು ನಿಂತಿತು. ಕೆಲಸ ಮುಗಿಸಿದವರು ನೂಕಿಕೊಂಡು ಹತ್ತಿದರು, ಅವಳೂ ಹತ್ತಿದಳು. ಅವನು ಅವಳ ಹಿಂದೆಯೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿಗೆ ಕೈಹಾಕಿದ. ಅವಳು ತಿರುಗಿ ನೋಡಿದಳು.

‘ನೀವು ಮುಂದಿನ ಬಸ್ಸಿಗೆ ಬನ್ನಿ,’ ಎಂದಳು.